ಮಗುವಿನ ದಿನಗಳ ಹಂಚಿಕೆಯನ್ನು ಬದಲಿಸುವಂತೆ ಇನ್ನೊಬ್ಬ ಪೋಷಕರು ಕೇಳಿದಾಗ: ಒಂದು ಸಮಗ್ರ ಮಾರ್ಗದರ್ಶಿ

ಬೇರೆಯಾದ ತಂದೆ ತಾಯಿಯರ ನಡುವೆ ಮಗು ಯಾವ ದಿನ ಯಾರ ಮನೆಯಲ್ಲಿರಬೇಕು ಎಂಬುದು ಒಮ್ಮೆ ಗೊತ್ತಾದ ಮೇಲೆ ಅದು ಕೊನೆಯವರೆಗೂ ಹಾಗೆಯೇ ಉಳಿಯುವುದು ಅಪರೂಪ. ಮಗು ಬೆಳೆಯುತ್ತದೆ, ಶಾಲೆ ಬದಲಾಗುತ್ತದೆ, ಒಬ್ಬರ ಕೆಲಸದ ಪಾಳಿ ಹಿಂದುಮುಂದಾಗುತ್ತದೆ, ಇನ್ನೊಬ್ಬರು ಮನೆ ಬದಲಿಸುತ್ತಾರೆ. ಆಗ ಒಂದು ಸಂಜೆ ಫೋನಿಗೆ ಸಂದೇಶ ಬರುತ್ತದೆ: "ಮುಂದಿನ ತಿಂಗಳಿಂದ ಬುಧವಾರ ರಾತ್ರಿಯೂ ಮಗಳು ನನ್ನ ಹತ್ತಿರವೇ ಇರಲಿ, ವಾರಾಂತ್ಯದಲ್ಲಿ ಸೋಮವಾರ ಬೆಳಿಗ್ಗೆಯವರೆಗೂ ಇರಲಿ. ಆಗುತ್ತದೆಯೇ ತಿಳಿಸಿ." ಇಷ್ಟನ್ನು ಓದುವಷ್ಟರಲ್ಲಿ ಹಳೆಯ ಜಗಳಗಳೆಲ್ಲ ಕಣ್ಣ ಮುಂದೆ ಬಂದು ನಿಲ್ಲುತ್ತವೆ, ಇದು ಮಗುವನ್ನು ನನ್ನಿಂದ ದೂರ ಮಾಡುವ ಮೊದಲ ಹೆಜ್ಜೆ ಇರಬಹುದೇ ಎಂಬ ಅಂಜಿಕೆಯೂ ಬರುತ್ತದೆ. ಆ ಅಂಜಿಕೆ ಸಹಜವಾದದ್ದು, ಅದನ್ನು ಯಾರೂ ಹಗುರವಾಗಿ ಕಾಣಬಾರದು. ಆದರೆ ಉತ್ತರ ಬರೆಯುವ ಕೆಲಸವನ್ನು ಅದರ ಕೈಗೆ ಕೊಡಬಾರದು. ಕೇಳಿರುವುದು ನಿಜವಾಗಿ ಏನು, ಅದರಿಂದ ಮಗುವಿನ ದಿನಚರಿ ಹೇಗೆ ಬದಲಾಗುತ್ತದೆ ಎಂಬುದು ಕಾಗದದ ಮೇಲೆ ಸ್ಪಷ್ಟವಾಗುವವರೆಗೆ "ಆಗಲಿ" ಎನ್ನುವುದೂ ಬೇಡ, "ಆಗದು" ಎನ್ನುವುದೂ ಬೇಡ. ಮುಂದೆ ಹೇಳಿರುವ ಹೆಜ್ಜೆಗಳೆಲ್ಲ ಆ ಸ್ಪಷ್ಟತೆಗೆ ತಲುಪಲು ಮತ್ತು ತಲುಪಿದ ಮೇಲೆ ನಿಮ್ಮ ಮಾತನ್ನು ದಾಖಲೆಯಾಗಿ ಉಳಿಸಿಕೊಳ್ಳಲು ಬೇಕಾದವು.

ಒಂದು ಮಾತನ್ನು ಮೊದಲೇ ಹೇಳಿಬಿಡಬೇಕು. ಮಕ್ಕಳ ಸುಪರ್ದಿಯ ಕಾನೂನು ದೇಶದಿಂದ ದೇಶಕ್ಕೆ ಬೇರೆ. ಇಲ್ಲಿರುವುದು ಎಲ್ಲೆಡೆಯೂ ಉಪಯೋಗಕ್ಕೆ ಬರುವ ಕ್ರಮ. ನಿಮ್ಮ ಪ್ರಕರಣದ ಕಾನೂನಿನ ಪ್ರಶ್ನೆಗಳಿಗೆ ನಿಮ್ಮ ವಕೀಲರೇ ಉತ್ತರ ಹೇಳಬೇಕು.

ಮೊದಲ ಹೆಜ್ಜೆ: ಸಂದೇಶ ತಲುಪಿತೆಂದು ಮಾತ್ರ ತಿಳಿಸಿ

ಕೋರಿಕೆ ಬಂದ ದಿನವೇ ತೀರ್ಮಾನ ಹೇಳಬೇಕಾದ ಅಗತ್ಯವಿಲ್ಲ. ಆದರೆ ದಿನಗಟ್ಟಲೆ ಸುಮ್ಮನಿದ್ದರೆ ಕೇಳಿದವರು ಅದನ್ನು ಹಟವೆಂದೋ ತಿರಸ್ಕಾರವೆಂದೋ ತಿಳಿಯುತ್ತಾರೆ, ಎರಡನೆಯ ಸಂದೇಶ ಮೊದಲನೆಯದಕ್ಕಿಂತ ಕಟುವಾಗಿರುತ್ತದೆ. ಆದ್ದರಿಂದ ಒಂದು ದಿನದೊಳಗೆ ಎರಡು ಸಾಲು ಬರೆಯಿರಿ: "ನಿಮ್ಮ ಸಂದೇಶ ಓದಿದೆ. ಮಗಳ ಶಾಲೆ ಮತ್ತು ಇತರ ತರಗತಿಗಳ ಸಮಯ ನೋಡಿಕೊಂಡು ಬರುವ ಭಾನುವಾರದೊಳಗೆ ಉತ್ತರ ಕೊಡುತ್ತೇನೆ." ದಿನ ಹೇಳಿದ ಮೇಲೆ ಅದನ್ನು ತಪ್ಪಿಸಬೇಡಿ.

ಫೋನಿನಲ್ಲೋ ಮನೆಯ ಬಾಗಿಲಲ್ಲೋ ಬಾಯಿಮಾತಿನಲ್ಲಿ ಕೇಳಿದರೆ, ವಿಶೇಷವಾಗಿ ಮಗು ಪಕ್ಕದಲ್ಲೇ ನಿಂತಿದ್ದರೆ, ಅಲ್ಲಿ ಚರ್ಚೆಗೆ ಇಳಿಯಬೇಡಿ. "ಇದನ್ನು ಬರೆದು ಕಳುಹಿಸಿ, ನೋಡಿ ಹೇಳುತ್ತೇನೆ" ಎಂದರೆ ಸಾಕು. ಬರೆಯಲು ಕೂತಾಗ ಕೇಳುವವರಿಗೂ ತಾವು ಕೇಳುತ್ತಿರುವುದು ಏನೆಂದು ಸ್ಪಷ್ಟವಾಗುತ್ತದೆ.

ಎರಡನೆಯ ಹೆಜ್ಜೆ: ಕೋರಿಕೆ ಯಾವ ಬಗೆಯದು ಎಂದು ಗುರುತಿಸಿ

ದಿನ ಬದಲಿಸಿ ಎಂಬ ಮಾತಿನ ಒಳಗೆ ನಾಲ್ಕು ಬೇರೆ ಬೇರೆ ಸಂಗತಿಗಳು ಅಡಗಿರಬಹುದು. ಮೊದಲನೆಯದು ಒಂದೇ ಬಾರಿಯ ಅದಲುಬದಲು: ಈ ಶನಿವಾರದ ಬದಲು ಮುಂದಿನ ಶನಿವಾರ. ಎರಡನೆಯದು ಅವಧಿ ಗೊತ್ತಿರುವ ತಾತ್ಕಾಲಿಕ ಬದಲಾವಣೆ: ಆರು ವಾರಗಳ ತರಬೇತಿ, ಶಸ್ತ್ರಚಿಕಿತ್ಸೆಯ ನಂತರದ ವಿಶ್ರಾಂತಿ, ಮನೆ ದುರಸ್ತಿ. ಮೂರನೆಯದು ಶಾಶ್ವತ ಬದಲಾವಣೆ. ನಾಲ್ಕನೆಯದು ಮಗುವಿನೊಂದಿಗೆ ಬೇರೆ ಊರಿಗೋ ದೇಶಕ್ಕೋ ಹೋಗುವ ಕೋರಿಕೆ. ಅದರ ತೂಕವೇ ಬೇರೆಯಾದ್ದರಿಂದ ಅದನ್ನು ಕೊನೆಯ ಭಾಗದಲ್ಲಿ ಪ್ರತ್ಯೇಕವಾಗಿ ನೋಡೋಣ.

ನಾನು ಕಂಡಂತೆ ಬಹುಪಾಲು ತಕರಾರುಗಳು ಎರಡನೆಯ ಬಗೆ ಸದ್ದಿಲ್ಲದೆ ಮೂರನೆಯದಾಗಿ ಬದಲಾಗುವಲ್ಲಿ ಹುಟ್ಟುತ್ತವೆ. "ಸ್ವಲ್ಪ ದಿನ ಹೀಗೆ ನಡೆಯಲಿ" ಎಂದು ಶುರುವಾದದ್ದು ಎಂಟು ತಿಂಗಳು ನಡೆಯುತ್ತದೆ. ಮಗು ಅದಕ್ಕೆ ಒಗ್ಗಿಕೊಂಡಿರುತ್ತದೆ. ಮುಂದೆ ವಿಷಯ ನ್ಯಾಯಾಲಯದ ಮುಂದೆ ಬಂದರೆ ಮಗು ಈಗ ಯಾವ ಕ್ರಮಕ್ಕೆ ಒಗ್ಗಿಕೊಂಡಿದೆ ಎಂಬುದಕ್ಕೆ ನ್ಯಾಯಾಧೀಶರು ಬೆಲೆ ಕೊಡುತ್ತಾರೆ, ಏಕೆಂದರೆ ಸ್ಥಿರತೆ ಮಗುವಿನ ಹಿತದ ಒಂದು ಮುಖ್ಯ ಭಾಗ. ಒಳ್ಳೆಯ ಮನಸ್ಸಿನಿಂದ ಒಪ್ಪಿಕೊಂಡವರು ಆಗ ಮೋಸ ಹೋದೆನೆಂದು ನೊಂದುಕೊಳ್ಳುತ್ತಾರೆ. ಕೇಳಿದವರಿಗೆ ಮೋಸದ ಉದ್ದೇಶ ಇದ್ದಿರಲಿಕ್ಕಿಲ್ಲ. ಮುಗಿಯುವ ತಾರೀಖನ್ನು ಯಾರೂ ಬರೆದಿಡಲಿಲ್ಲ, ಅಷ್ಟೇ.

ಆದ್ದರಿಂದ ಉತ್ತರಕ್ಕೆ ಮೊದಲು ಈ ನಾಲ್ಕು ಪ್ರಶ್ನೆಗಳನ್ನು ಬರವಣಿಗೆಯಲ್ಲಿ ಕೇಳಿ. ಬದಲಾವಣೆ ಯಾವ ದಿನದಿಂದ? ಯಾವ ದಿನದವರೆಗೆ? ಮಗುವನ್ನು ಯಾರು, ಎಲ್ಲಿಂದ, ಎಷ್ಟು ಗಂಟೆಗೆ ಕರೆದೊಯ್ಯುತ್ತಾರೆ ಮತ್ತು ಬಿಡುತ್ತಾರೆ? ಬದಲಾವಣೆ ಬೇಕಾದದ್ದು ಯಾವ ಕಾರಣದಿಂದ? ಕೊನೆಯ ಪ್ರಶ್ನೆಯನ್ನು ವಿಚಾರಣೆಯ ದನಿಯಲ್ಲಿ ಕೇಳಬಾರದು. ಕಾರಣ ತಿಳಿದರೆ ಕೇಳಿದ್ದಕ್ಕಿಂತ ಸುಲಭವಾದ ಬೇರೆ ದಾರಿ ಕಾಣುವುದುಂಟು. ಪಾಳಿ ಬದಲಾಗಿ ಶುಕ್ರವಾರ ಸಂಜೆ ಆರಕ್ಕೆ ಬರಲಾಗುತ್ತಿಲ್ಲ ಎನ್ನುವವರಿಗೆ ಬೇಕಾದದ್ದು ಎಂಟು ಗಂಟೆಯ ಹೊತ್ತು ಮಾತ್ರ ಇರಬಹುದು. ಅದನ್ನೇ ಅವರು ಇಡೀ ವಾರಾಂತ್ಯವನ್ನು ಬದಲಿಸಬೇಕು ಎಂದು ಬರೆದಿರುತ್ತಾರೆ.

ಮೂರನೆಯ ಹೆಜ್ಜೆ: ಈಗಿರುವ ಆದೇಶವನ್ನು ತೆಗೆದು ಓದಿ

ನೆನಪನ್ನು ನಂಬಬೇಡಿ. ನ್ಯಾಯಾಲಯದ ಆದೇಶವನ್ನು ಅಥವಾ ನೀವಿಬ್ಬರೂ ಸಹಿ ಮಾಡಿದ ಒಪ್ಪಂದವನ್ನು ಹೊರತೆಗೆದು ಪ್ರತಿ ಸಾಲನ್ನೂ ಓದಿ. ದಿನ ಬದಲಿಸಲು ಎಷ್ಟು ದಿನ ಮುಂಚೆ ಕೇಳಬೇಕು, ತಪ್ಪಿದ ದಿನಕ್ಕೆ ಬದಲಿ ದಿನ ಉಂಟೇ, ರಜೆಯ ಹಂಚಿಕೆ ವಾರದ ಹಂಚಿಕೆಗಿಂತ ಮೇಲಿನದೇ, ಭಿನ್ನಾಭಿಪ್ರಾಯ ಬಂದರೆ ಮೊದಲು ಮಧ್ಯಸ್ಥಿಕೆಗೆ ಹೋಗಬೇಕೆಂಬ ಷರತ್ತು ಇದೆಯೇ ಎಂಬುದು ಅಲ್ಲಿಯೇ ಬರೆದಿರಬಹುದು. ಹಾಗೆ ಬರೆದಿದ್ದರೆ ನಿಮ್ಮ ಅರ್ಧ ಕೆಲಸ ಮುಗಿಯಿತು.

ಏರ್ಪಾಡು ನ್ಯಾಯಾಲಯದ ಆದೇಶವಾಗಿದ್ದರೆ, ನ್ಯಾಯಾಲಯ ಬದಲಿಸುವವರೆಗೆ ಆ ಆದೇಶವೇ ಜಾರಿಯಲ್ಲಿರುತ್ತದೆ ಎಂಬುದನ್ನು ಮರೆಯಬಾರದು. ಇಬ್ಬರೂ ಒಪ್ಪಿ ಒಂದು ಶನಿವಾರವನ್ನು ಅದಲುಬದಲು ಮಾಡಿಕೊಳ್ಳುವುದಕ್ಕೆ ಸಾಮಾನ್ಯವಾಗಿ ಯಾರ ಅಡ್ಡಿಯೂ ಇರುವುದಿಲ್ಲ. ಆದರೆ ಶಾಶ್ವತ ಬದಲಾವಣೆಯನ್ನು ಬಾಯಿಮಾತಿಗೆ ಬಿಟ್ಟರೆ, ಮುಂದೆ ಒಬ್ಬರು ಮನಸ್ಸು ಬದಲಿಸಿದ ದಿನ ಹಳೆಯ ಆದೇಶವನ್ನೇ ಎತ್ತಿ ಹಿಡಿಯಬಹುದು. ಆಗ ಹೊಸ ಕ್ರಮದಂತೆ ನಡೆದುಕೊಂಡವರೇ ಆದೇಶ ಮೀರಿದವರಾಗಿ ಕಾಣುತ್ತಾರೆ. ಇಬ್ಬರೂ ಒಪ್ಪಿದ ಶಾಶ್ವತ ಬದಲಾವಣೆಯನ್ನು ಜಂಟಿಯಾಗಿ ನ್ಯಾಯಾಲಯದ ಮುಂದಿಟ್ಟು ಆದೇಶವಾಗಿ ಪಡೆಯುವ ಅವಕಾಶ ಹೆಚ್ಚಿನ ಕಡೆಗಳಲ್ಲಿ ಇದೆ. ಆ ಶ್ರಮವನ್ನು ಉಳಿಸಲು ಹೋಗಬೇಡಿ.

ಇನ್ನೊಂದು ಸೂಕ್ಷ್ಮವಿದೆ. ಹಲವು ದೇಶಗಳಲ್ಲಿ ಮಗುವಿನ ನಿರ್ವಹಣಾ ವೆಚ್ಚವನ್ನು ಲೆಕ್ಕ ಹಾಕುವಾಗ ಮಗು ವರ್ಷಕ್ಕೆ ಎಷ್ಟು ರಾತ್ರಿ ಯಾರ ಮನೆಯಲ್ಲಿರುತ್ತದೆ ಎಂಬುದನ್ನೂ ಪರಿಗಣಿಸುತ್ತಾರೆ. ವಾರಕ್ಕೆ ಒಂದು ರಾತ್ರಿ ಹೆಚ್ಚಿದರೆ ವರ್ಷಕ್ಕೆ 52 ರಾತ್ರಿಗಳಾಗುತ್ತವೆ. ಕೇಳಿದವರಿಗೆ ಹಣದ ಆಲೋಚನೆ ಇದೆಯೆಂದು ಮೊದಲೇ ಅನುಮಾನಿಸುವುದು ತಪ್ಪು; ಪರಿಣಾಮವನ್ನು ತಿಳಿದುಕೊಳ್ಳದೆ ಸಹಿ ಹಾಕುವುದೂ ತಪ್ಪು.

ನಾಲ್ಕನೆಯ ಹೆಜ್ಜೆ: ಹದಿನಾಲ್ಕು ಮನೆಗಳ ಚೌಕ ಬರೆಯಿರಿ

ಈ ಇಡೀ ಬರಹದಲ್ಲಿ ಒಂದೇ ಒಂದು ಕೆಲಸವನ್ನು ಮಾಡುವಷ್ಟು ವ್ಯವಧಾನ ನಿಮಗಿದ್ದರೆ ಇದನ್ನು ಮಾಡಿ. ಒಂದು ಹಾಳೆಯ ಮೇಲೆ ಏಳೇಳು ಮನೆಗಳ ಎರಡು ಸಾಲು ಎಳೆದು, ಸೋಮವಾರದಿಂದ ಭಾನುವಾರದವರೆಗೆ ಎರಡು ವಾರಗಳನ್ನು ಗುರುತಿಸಿ. ಮಗು ನಿಮ್ಮ ಮನೆಯಲ್ಲಿ ಮಲಗುವ ರಾತ್ರಿಗಳಿಗೆ ಒಂದು ಬಣ್ಣ, ಇನ್ನೊಂದು ಮನೆಯಲ್ಲಿ ಮಲಗುವ ರಾತ್ರಿಗಳಿಗೆ ಬೇರೆ ಬಣ್ಣ ಹಚ್ಚಿ. ಕೆಳಗೆ ಇನ್ನೊಂದು ಚೌಕ ಎಳೆದು, ಈಗ ಕೇಳಿರುವ ಹೊಸ ಕ್ರಮದಂತೆ ಬಣ್ಣ ಹಚ್ಚಿ. ನಂತರ ನಾಲ್ಕು ಸಂಗತಿಗಳನ್ನು ಎಣಿಸಿ: ರಾತ್ರಿಗಳ ಸಂಖ್ಯೆ, ತಂದೆ ತಾಯಿ ಎದುರುಬದುರಾಗಿ ಮಗುವನ್ನು ಒಪ್ಪಿಸುವ ಸಂದರ್ಭಗಳ ಸಂಖ್ಯೆ, ಶಾಲೆಗೆ ಹೋಗುವ ಬೆಳಗುಗಳಲ್ಲಿ ಯಾವ ಮನೆಯಿಂದ ಎಷ್ಟು, ಮತ್ತು ಒಬ್ಬ ಪೋಷಕರನ್ನು ಬಿಟ್ಟು ಮಗು ಇರಬೇಕಾದ ಅತಿ ದೀರ್ಘ ಅವಧಿ.

ಮೇಲೆ ಹೇಳಿದ ಸಂದೇಶವನ್ನೇ ತೆಗೆದುಕೊಳ್ಳೋಣ. ಮಗಳಿಗೆ ಎಂಟು ವರ್ಷ ಎಂದಿಟ್ಟುಕೊಳ್ಳಿ. ಈಗ ಅವಳು ವಾರ ಬಿಟ್ಟು ವಾರ ಶುಕ್ರವಾರ ಸಂಜೆಯಿಂದ ಭಾನುವಾರ ಸಂಜೆಯವರೆಗೆ ಇನ್ನೊಂದು ಮನೆಯಲ್ಲಿರುತ್ತಾಳೆ. ಪ್ರತಿ ಬುಧವಾರ ಸಂಜೆ ಎರಡು ಗಂಟೆ ಹೋಗಿ ಬರುತ್ತಾಳೆ. ಎರಡು ವಾರಕ್ಕೆ ಎರಡು ರಾತ್ರಿ, ವರ್ಷಕ್ಕೆ ಹೆಚ್ಚುಕಡಿಮೆ 52. ಹೊಸ ಕೋರಿಕೆಯಂತೆ ವಾರಾಂತ್ಯ ಸೋಮವಾರ ಬೆಳಿಗ್ಗೆಯವರೆಗೆ ಮುಂದುವರಿದು ಪ್ರತಿ ಬುಧವಾರ ರಾತ್ರಿ ಅಲ್ಲಿಯೇ ತಂಗಿದರೆ, ವಾರಾಂತ್ಯದ ಮೂರು ಮತ್ತು ಬುಧವಾರದ ಎರಡು ಸೇರಿ ಎರಡು ವಾರಕ್ಕೆ ಐದು ರಾತ್ರಿ. ವರ್ಷಕ್ಕೆ 130. ಸಂಖ್ಯೆ ಮಾತ್ರ ನೋಡಿದರೆ ಎದೆ ಧಸಕ್ಕೆನ್ನುತ್ತದೆ.

ಈಗ ಎರಡನೆಯ ಎಣಿಕೆಗೆ ಬನ್ನಿ. ಹಳೆಯ ಕ್ರಮದಲ್ಲಿ ವಾರಾಂತ್ಯಕ್ಕೆ ಎರಡು ಬಾರಿ, ಎರಡು ಬುಧವಾರಗಳಿಗೆ ನಾಲ್ಕು ಬಾರಿ, ಒಟ್ಟು ಆರು ಬಾರಿ ಮಗಳು ಒಬ್ಬರ ಬಾಗಿಲಿನಿಂದ ಇನ್ನೊಬ್ಬರ ಕೈಗೆ ಹೋಗುತ್ತಾಳೆ. ಹೊಸ ಕ್ರಮದಲ್ಲಿ ಶುಕ್ರವಾರ ಮತ್ತು ಬುಧವಾರ ಶಾಲೆಯಿಂದಲೇ ಕರೆದೊಯ್ದು ಸೋಮವಾರ ಮತ್ತು ಗುರುವಾರ ಶಾಲೆಗೇ ಬಿಟ್ಟರೆ, ಬಾಗಿಲಿನ ಭೇಟಿ ಒಂದೂ ಇರುವುದಿಲ್ಲ. ನಿಮ್ಮಿಬ್ಬರ ನಡುವೆ ಮಾತು ಬೆಳೆದರೆ ಜಗಳಕ್ಕೆ ತಿರುಗುತ್ತದೆ ಎಂದಾದರೆ, ಆ ಆರು ಭೇಟಿಗಳು ತಪ್ಪುವುದು ಮಗುವಿಗೆ ಸಣ್ಣ ಸಂಗತಿಯಲ್ಲ. ಅಪ್ಪ ಅಮ್ಮ ಗೇಟಿನ ಬಳಿ ಮುಖ ತಿರುಗಿಸಿಕೊಂಡು ನಿಂತಿರುವಾಗ ಚಪ್ಪಲಿ ಹಾಕಿಕೊಳ್ಳಲು ಬೇಕೆಂದೇ ತಡ ಮಾಡುವ ಮಗುವನ್ನು ನೋಡಿದವರಿಗೆ ಇದು ಗೊತ್ತು.

ಮೂರನೆಯ ಎಣಿಕೆ ಇನ್ನೊಂದು ಮುಖವನ್ನು ತೋರಿಸುತ್ತದೆ. ಎರಡು ವಾರದ ಹತ್ತು ಶಾಲಾ ಬೆಳಗುಗಳಲ್ಲಿ ಮೂರು, ಅಂದರೆ ಒಂದು ಸೋಮವಾರ ಮತ್ತು ಎರಡು ಗುರುವಾರ, ಇನ್ನೊಂದು ಮನೆಯಿಂದ ಶುರುವಾಗುತ್ತವೆ. ಆ ಮನೆಯಿಂದ ಶಾಲೆ ಎಷ್ಟು ದೂರ? ಅಲ್ಲಿ ಬೆಳಿಗ್ಗೆ ಎಬ್ಬಿಸಿ ಸಿದ್ಧಪಡಿಸುವವರು ಯಾರು? ಮನೆಪಾಠದ ಪುಸ್ತಕ ಯಾವ ಮನೆಯಲ್ಲಿ ಉಳಿಯುತ್ತದೆ? ಬುಧವಾರ ಸಂಜೆ ಈಜು ತರಗತಿಯೋ ಸಂಗೀತ ಪಾಠವೋ ಇದ್ದರೆ ಅಲ್ಲಿಗೆ ಕರೆದೊಯ್ಯುವವರು ಯಾರು? ಇವಕ್ಕೆ ನೇರವಾದ ಉತ್ತರ ಸಿಕ್ಕರೆ ಕೋರಿಕೆ ಒಪ್ಪತಕ್ಕದ್ದು ಎಂಬ ಕಡೆಗೆ ತಕ್ಕಡಿ ವಾಲುತ್ತದೆ. ಸಿಗದಿದ್ದರೆ ನಿಮ್ಮ ಆಕ್ಷೇಪಕ್ಕೆ ಒಂದು ಗಟ್ಟಿಯಾದ, ಮಗುವಿಗೆ ಸಂಬಂಧಿಸಿದ ಆಧಾರ ಸಿಕ್ಕಂತಾಯಿತು.

ವಯಸ್ಸಿಗೆ ತಕ್ಕಂತೆ ಈ ಎಣಿಕೆಗಳ ತೂಕವೂ ಬದಲಾಗುತ್ತದೆ. ತೀರಾ ಚಿಕ್ಕ ಮಕ್ಕಳಿಗೆ ಇಬ್ಬರನ್ನೂ ಆಗಾಗ ಕಾಣುವುದು ಮುಖ್ಯ, ದೀರ್ಘ ಅಗಲಿಕೆ ಕಷ್ಟ. ನಾಲ್ಕು ವರ್ಷದ ಮಗುವಿಗೆ "ಮುಂದಿನ ಗುರುವಾರ" ಎಂದರೆ ಎಷ್ಟು ದೂರವೆಂದು ತಿಳಿಯದು. ಶಾಲೆಗೆ ಹೋಗುವ ಮಕ್ಕಳಿಗೆ ಕ್ರಮ ಸ್ಥಿರವಾಗಿರುವುದೇ ದೊಡ್ಡ ಆಸರೆ. ಹದಿಹರೆಯದವರಿಗೆ ಸ್ನೇಹಿತರು, ಪರೀಕ್ಷೆ, ಆಟ ಇವೆಲ್ಲ ತಂದೆ ತಾಯಿಯ ಹಂಚಿಕೆಗಿಂತ ಮುಂದೆ ನಿಲ್ಲುತ್ತವೆ, ಅದರಲ್ಲಿ ನೊಂದುಕೊಳ್ಳುವಂಥದ್ದು ಏನೂ ಇಲ್ಲ.

ಐದನೆಯ ಹೆಜ್ಜೆ: ಮಗುವಿನ ಮಾತಿಗೆ ಕಿವಿಗೊಡಿ, ತೀರ್ಪನ್ನು ಕೇಳಬೇಡಿ

1989ರ ನವೆಂಬರ್ 20ರಂದು ಅಂಗೀಕೃತವಾದ ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆ ಈ ವಿಷಯದಲ್ಲಿ ಮೂರು ಸಂಗತಿಗಳನ್ನು ಹೇಳುತ್ತದೆ. ಮಗುವಿಗೆ ಸಂಬಂಧಿಸಿದ ತೀರ್ಮಾನಗಳಲ್ಲಿ ಮಗುವಿನ ಹಿತ ಪ್ರಮುಖ ಪರಿಗಣನೆಯಾಗಿರಬೇಕು ಎಂಬುದು 3ನೇ ವಿಧಿ. ತಂದೆ ತಾಯಿಯಿಂದ ಬೇರೆಯಾಗಿರುವ ಮಗುವಿಗೆ, ತನ್ನ ಹಿತಕ್ಕೆ ವಿರುದ್ಧವಾಗದ ಹೊರತು, ಇಬ್ಬರೊಂದಿಗೂ ನಿಯಮಿತವಾಗಿ ನೇರ ಸಂಪರ್ಕದಲ್ಲಿರುವ ಹಕ್ಕಿದೆ ಎಂಬುದು 9ನೇ ವಿಧಿ. ತನ್ನ ಅಭಿಪ್ರಾಯವನ್ನು ರೂಪಿಸಿಕೊಳ್ಳಬಲ್ಲ ಮಗುವಿನ ಮಾತಿಗೆ ಅದರ ವಯಸ್ಸು ಮತ್ತು ಪ್ರಬುದ್ಧತೆಗೆ ತಕ್ಕ ಬೆಲೆ ಕೊಡಬೇಕು ಎಂಬುದು 12ನೇ ವಿಧಿ. ಗಮನಿಸಿ: ಹಕ್ಕು ಮಗುವಿನದು. ನನ್ನ ದಿನ, ನಿನ್ನ ದಿನ ಎಂದು ನಾವು ಲೆಕ್ಕ ಹಾಕುವುದು ನಿಜವಾಗಿ ಮಗುವಿನ ದಿನಗಳನ್ನು.

ಮಾತಿಗೆ ಬೆಲೆ ಕೊಡುವುದೆಂದರೆ ತೀರ್ಮಾನವನ್ನೇ ಮಗುವಿನ ಹೆಗಲಿಗೆ ಹೊರಿಸುವುದು ಎಂದಲ್ಲ. "ನಿನಗೆ ಯಾರ ಮನೆ ಇಷ್ಟ?" ಎಂಬ ಪ್ರಶ್ನೆಯನ್ನು ಯಾವ ಸಂದರ್ಭದಲ್ಲೂ ಕೇಳಬಾರದು, ಅದಕ್ಕೆ ಏನು ಉತ್ತರ ಕೊಟ್ಟರೂ ಒಬ್ಬರಿಗೆ ದ್ರೋಹ ಮಾಡಿದಂತಾಯಿತು ಎಂದು ಮಗು ಒಳಗೊಳಗೇ ಕೊರಗುತ್ತದೆ. ಬದಲಿಗೆ ದಿನಚರಿಯ ಬಗ್ಗೆ ಕೇಳಿ. ಬುಧವಾರ ಶಾಲೆ ಮುಗಿದ ಮೇಲೆ ಸುಸ್ತಾಗುತ್ತದೆಯೇ, ಅಲ್ಲಿ ಓದಿಕೊಳ್ಳಲು ಜಾಗ ಇದೆಯೇ, ಸಾಮಾನು ತೆಗೆದುಕೊಂಡು ಹೋಗಿ ಬರುವುದರಲ್ಲಿ ಏನು ಕಷ್ಟ ಎಂಬಂಥ ಪ್ರಶ್ನೆಗಳಿಗೆ ಮಕ್ಕಳು ನಿಸ್ಸಂಕೋಚವಾಗಿ ಉತ್ತರಿಸುತ್ತಾರೆ. ಇಬ್ಬರೂ ಒಂದು ನಿರ್ಧಾರದ ಹತ್ತಿರ ಬರುವವರೆಗೆ ಇಂಥ ಕೋರಿಕೆ ಬಂದಿದೆ ಎಂಬ ವಿಷಯವನ್ನೇ ಚಿಕ್ಕ ಮಕ್ಕಳಿಗೆ ಹೇಳದಿರುವುದು ಒಳಿತು. "ಅಪ್ಪನಿಗೆ ಹೇಳು, ಆಗಲ್ಲಂತೆ" ಎಂದು ಮಗುವಿನ ಬಾಯಲ್ಲಿ ಉತ್ತರ ಕಳುಹಿಸುವುದಂತೂ ಕೂಡದು.

ಆರನೆಯ ಹೆಜ್ಜೆ: ಉತ್ತರ ಬರೆಯಿರಿ

ಉತ್ತರದಲ್ಲಿ ಹಳೆಯ ವಿಷಯ ಬರಬಾರದು, ಎದುರಿನವರ ಸ್ವಭಾವದ ವಿಮರ್ಶೆ ಬರಬಾರದು, ಅವರ ಹೊಸ ಸಂಗಾತಿಯ ಪ್ರಸ್ತಾಪ ಬರಬಾರದು. ಬರೆದು ಮುಗಿಸಿದ ಮೇಲೆ, ಈ ಸಂದೇಶವನ್ನು ನಾಳೆ ನ್ಯಾಯಾಧೀಶರು ಓದಿದರೆ, ಹತ್ತು ವರ್ಷದ ನಂತರ ಮಗುವೇ ಓದಿದರೆ ನನಗೆ ಮುಜುಗರವಾಗುತ್ತದೆಯೇ ಎಂದು ಕೇಳಿಕೊಂಡು ಕಳುಹಿಸಿ. ರಾತ್ರಿ ಬರೆದದ್ದನ್ನು ಬೆಳಿಗ್ಗೆ ಓದಿ ಕಳುಹಿಸುವುದು ನಾನು ಎಲ್ಲರಿಗೂ ಹೇಳುವ ಮಾತು.

ಒಪ್ಪುವುದಾದರೆ ದಿನ, ಸಮಯ, ಸ್ಥಳ, ಮುಗಿಯುವ ತಾರೀಖು ಎಲ್ಲವೂ ಒಂದೇ ಸಂದೇಶದಲ್ಲಿರಲಿ. ಉದಾಹರಣೆಗೆ ಹೀಗೆ ಬರೆಯಬಹುದು: "ಈ ತಿಂಗಳ 14ರ ಶನಿವಾರದ ಬದಲು 21ರ ಶನಿವಾರ ಬೆಳಿಗ್ಗೆ 10 ಗಂಟೆಯಿಂದ ಭಾನುವಾರ ಸಂಜೆ 6 ಗಂಟೆಯವರೆಗೆ ಮಗಳು ನಿಮ್ಮೊಂದಿಗೆ ಇರಲಿ. ಕರೆದೊಯ್ಯುವುದು ಮತ್ತು ಬಿಡುವುದು ಎಂದಿನಂತೆ. ಇದು ಈ ಒಂದು ಬಾರಿಗೆ ಮಾತ್ರ. ಉಳಿದ ಏರ್ಪಾಡಿನಲ್ಲಿ ಬದಲಾವಣೆ ಇಲ್ಲ. ಒಪ್ಪಿಗೆ ಎಂದು ಮರುತ್ತರ ಕಳುಹಿಸಿ." ಕೊನೆಯ ಎರಡು ವಾಕ್ಯಗಳನ್ನು ಬಿಡಬೇಡಿ.

ಭಾಗಶಃ ಒಪ್ಪುವುದಾದರೆ ಮೊದಲು ಒಪ್ಪಿದ್ದನ್ನು ಬರೆಯಿರಿ, ನಂತರ ಉಳಿದದ್ದಕ್ಕೆ ಬೇರೆ ಪ್ರಸ್ತಾಪ ಇಡಿ: "ವಾರಾಂತ್ಯವನ್ನು ಸೋಮವಾರ ಬೆಳಿಗ್ಗೆಯವರೆಗೆ ಮುಂದುವರಿಸಲು ನನ್ನ ಒಪ್ಪಿಗೆ ಇದೆ, ಶಾಲೆಗೆ ಹೊತ್ತಿಗೆ ಸರಿಯಾಗಿ ಬಿಡಬೇಕು. ಬುಧವಾರ ರಾತ್ರಿಯ ವಿಷಯದಲ್ಲಿ ನನಗೆ ಚಿಂತೆ ಇರುವುದು ಗುರುವಾರ ಬೆಳಗಿನ ಪ್ರಯಾಣದ ಬಗ್ಗೆ. ಅದಕ್ಕೆ ಏನು ವ್ಯವಸ್ಥೆ ಮಾಡುತ್ತೀರಿ ಎಂದು ತಿಳಿಸಿದರೆ ಎಂಟು ವಾರ ಪ್ರಯೋಗಕ್ಕೆ ನಡೆಸಿ ನೋಡೋಣ."

ಒಪ್ಪಲಾಗದಿದ್ದರೆ ಸ್ಪಷ್ಟವಾಗಿ ಆಗದು ಎನ್ನಿ. ನೋಡೋಣ, ಹೇಳುತ್ತೇನೆ ಎಂದು ಎಳೆಯುವುದು ನಿರಾಕರಣೆಗಿಂತ ಕೆಟ್ಟದ್ದು. ಕಾರಣ ಒಂದೇ ಇರಲಿ, ಅದು ಮಗುವಿನ ದಿನಚರಿಗೆ ಸಂಬಂಧಿಸಿದ್ದಾಗಿರಲಿ, ಸಾಧ್ಯವಾದರೆ ಒಂದು ಬದಲಿ ದಾರಿಯೂ ಜೊತೆಗಿರಲಿ: "ಪರೀಕ್ಷೆಗಳು ಮುಗಿಯುವವರೆಗೆ ಶಾಲಾ ದಿನಗಳ ರಾತ್ರಿ ಬದಲಿಸುವುದು ಬೇಡ ಎಂಬುದು ನನ್ನ ಅಭಿಪ್ರಾಯ. ರಜೆ ಶುರುವಾದ ಮೇಲೆ ನಿಮ್ಮೊಂದಿಗೆ ಒಂದು ವಾರ ಹೆಚ್ಚು ಇರಲು ನನ್ನ ಅಡ್ಡಿಯಿಲ್ಲ." ನನಗೆ ಅನುಕೂಲವಿಲ್ಲ ಎಂಬುದೂ ಕೆಲವೊಮ್ಮೆ ನ್ಯಾಯವಾದ ಕಾರಣವೇ. ಆಗ ಅದಕ್ಕೆ ಮಗುವಿನ ಹಿತದ ಹೆಸರು ಹಚ್ಚದೆ ಇದ್ದುದನ್ನು ಇದ್ದಹಾಗೆ ಹೇಳುವುದು ಮರ್ಯಾದೆಯ ದಾರಿ.

ಹಣವನ್ನು ಇದರೊಳಗೆ ತರಬೇಡಿ. ನಿರ್ವಹಣಾ ವೆಚ್ಚ ಬಾಕಿ ಇದೆ ಎಂಬ ಕಾರಣಕ್ಕೆ ಮಗುವಿನ ಭೇಟಿಯನ್ನು ತಡೆಯುವುದನ್ನು ನ್ಯಾಯಾಲಯಗಳು ಸಾಮಾನ್ಯವಾಗಿ ಒಪ್ಪುವುದಿಲ್ಲ. ಭೇಟಿ ಸಿಗಲಿಲ್ಲ ಎಂದು ಹಣ ನಿಲ್ಲಿಸುವುದನ್ನೂ ಒಪ್ಪುವುದಿಲ್ಲ. ಬಾಕಿಗೆ ಬೇರೆಯ ದಾರಿ ಇದೆ, ಅದನ್ನು ಬೇರೆಯಾಗಿಯೇ ಹಿಡಿಯಿರಿ.

ಏಳನೆಯ ಹೆಜ್ಜೆ: ಪ್ರಯೋಗದ ಅವಧಿ ಮತ್ತು ಅದರ ಕಾಗದ

ದೊಡ್ಡ ಬದಲಾವಣೆಯನ್ನು ಒಮ್ಮೆಲೇ ಶಾಶ್ವತ ಮಾಡುವುದಕ್ಕಿಂತ ಆರರಿಂದ ಎಂಟು ವಾರ ನಡೆಸಿ ನೋಡುವುದು ಇಬ್ಬರಿಗೂ ಭಯ ಕಡಿಮೆ ಮಾಡುತ್ತದೆ. ಎರಡು ವಾರ ಸಾಲದು, ಏಕೆಂದರೆ ಮೊದಲ ಎರಡು ವಾರ ಎಲ್ಲವೂ ಹೊಸದಾಗಿರುತ್ತದೆ ಮತ್ತು ಎಲ್ಲರೂ ವಿಶೇಷ ಎಚ್ಚರಿಕೆಯಿಂದ ನಡೆದುಕೊಳ್ಳುತ್ತಾರೆ. ನಿಜವಾದ ಕ್ರಮ ಕಾಣುವುದು ಮೂರನೆಯ ನಾಲ್ಕನೆಯ ವಾರದಲ್ಲಿ, ಶಾಲೆಗೆ ಹೊರಡುವ ಹೊತ್ತಿಗೆ ಒಂದು ಶೂ ಸಿಗದ ಬೆಳಿಗ್ಗೆ.

ಪ್ರಯೋಗಕ್ಕೆ ಒಪ್ಪುವ ಕಾಗದದಲ್ಲಿ ಮೂರು ವಾಕ್ಯ ಕಡ್ಡಾಯವಾಗಿ ಇರಬೇಕು: ಈ ವ್ಯವಸ್ಥೆ ಇಂಥ ತಾರೀಖಿನಿಂದ ಇಂಥ ತಾರೀಖಿನವರೆಗೆ ಮಾತ್ರ, ಇಂಥ ದಿನ ಇಬ್ಬರೂ ಕೂತು ಪರಿಶೀಲಿಸುತ್ತೇವೆ, ಇಬ್ಬರೂ ಲಿಖಿತವಾಗಿ ಒಪ್ಪದಿದ್ದರೆ ಅವಧಿ ಮುಗಿದ ಮರುದಿನದಿಂದ ಹಳೆಯ ಕ್ರಮ ತಾನಾಗಿ ಮರಳುತ್ತದೆ. ಮೂರನೆಯ ವಾಕ್ಯ ಕೇಳಿದವರಿಗೆ ಅವಿಶ್ವಾಸದಂತೆ ಕಂಡರೆ, ಅವರು ಮುಂದೆ ನಿಮ್ಮಿಂದ ಪಡೆಯುವ ಒಪ್ಪಿಗೆಗಳೂ ಇದೇ ವಾಕ್ಯದಿಂದಾಗಿ ಸುಲಭವಾಗುತ್ತವೆ ಎಂದು ವಿವರಿಸಿ. ಹಿಂದಿರುಗುವ ದಾರಿ ಇದೆಯೆಂದು ಗೊತ್ತಿದ್ದವರು ಮುಂದಡಿ ಇಡಲು ಅಂಜುವುದಿಲ್ಲ.

ಪರಿಶೀಲನೆಯ ದಿನ ನೋಡಬೇಕಾದದ್ದು ನಿದ್ದೆ, ಶಾಲೆಗೆ ತಡವಾದ ದಿನಗಳು, ಮನೆಪಾಠ, ಮಗುವಿನ ಮನಃಸ್ಥಿತಿ. ತರಗತಿಯ ಶಿಕ್ಷಕರನ್ನು ಇಬ್ಬರೂ ಜೊತೆಯಾಗಿ ಕೇಳಬಹುದು. ಒಬ್ಬರೇ ಹೋಗಿ ಅವರನ್ನು ಸಾಕ್ಷಿ ಮಾಡಿಕೊಳ್ಳಲು ನೋಡುವುದು ಸರಿಯಲ್ಲ.

ಕೋರಿಕೆಗಳು ಪದೇ ಪದೇ ಬರುತ್ತಿದ್ದರೆ

ತಿಂಗಳಿಗೊಂದು ಅದಲುಬದಲು ಬದುಕಿನ ಸಹಜ ಭಾಗ. ಪ್ರತಿ ವಾರವೂ ಕೊನೆಯ ಗಳಿಗೆಯಲ್ಲಿ ಬದಲಾವಣೆ ಕೇಳಿದರೆ, ಅಥವಾ ಹೇಳದೆಯೇ ಬಾರದಿದ್ದರೆ, ಅದು ಬೇರೆ ಸಮಸ್ಯೆ. ಸಿದ್ಧವಾಗಿ ಕಿಟಕಿಯ ಬಳಿ ಕೂತ ಮಗುವಿಗೆ ಇವತ್ತೂ ಬರುವುದಿಲ್ಲವಂತೆ ಎಂದು ಹೇಳುವ ಕೆಲಸ ನಿಮ್ಮ ಪಾಲಿಗೆ ಬರುತ್ತದೆ. ಕೇಳಿದ ದಿನ, ಕೇಳಿದ್ದು, ಕೊಟ್ಟ ಉತ್ತರ, ನಡೆದದ್ದು ಎಂಬ ನಾಲ್ಕು ಕಲಮುಗಳಲ್ಲಿ ಒಂದು ಪುಸ್ತಕದಲ್ಲಿ ಬರೆದಿಡಿ. ಟೀಕೆ ಟಿಪ್ಪಣಿ ಬೇಡ, ನಡೆದದ್ದು ಮಾತ್ರ. ಮೂರು ತಿಂಗಳ ದಾಖಲೆ ಕೈಯಲ್ಲಿದ್ದರೆ ಈಗಿನ ಕ್ರಮ ಅವರ ಬದುಕಿಗೆ ಹೊಂದುತ್ತಿಲ್ಲ ಎಂಬುದು ಇಬ್ಬರಿಗೂ ಕಾಣುತ್ತದೆ. ಆಗ ಪ್ರತಿ ವಾರದ ಜಗಳದ ಬದಲು ನಿಲ್ಲುವಂಥ ಹೊಸ ಕ್ರಮವೊಂದನ್ನು ಮಾತಾಡಬಹುದು. ಕಡಿಮೆ ದಿನಗಳಾದರೂ ತಪ್ಪದೆ ಬರುವ ಪೋಷಕರು, ಹೆಚ್ಚು ದಿನ ಬರೆಸಿಕೊಂಡು ಅರ್ಧಕ್ಕರ್ಧ ತಪ್ಪಿಸುವವರಿಗಿಂತ ಮಗುವಿಗೆ ಹೆಚ್ಚು ದಕ್ಕುತ್ತಾರೆ ಎಂಬುದು ನನ್ನ ದೃಢ ಅಭಿಪ್ರಾಯ.

ಅದಲುಬದಲಿಗೆ ಕನಿಷ್ಠ ಎಷ್ಟು ಗಂಟೆ ಮುಂಚೆ ಕೇಳಬೇಕು, ತಪ್ಪಿದ ದಿನವನ್ನು ಎಷ್ಟು ದಿನಗಳೊಳಗೆ ಭರ್ತಿ ಮಾಡಿಕೊಳ್ಳಬಹುದು ಎಂಬುದನ್ನು ಒಂದು ಬಾರಿ ಕೂತು ಬರೆದುಕೊಂಡರೆ ನಿತ್ಯದ ತಲೆನೋವು ಬಹಳಷ್ಟು ಇಳಿಯುತ್ತದೆ. ಆ ನಿಯಮ ಇಬ್ಬರಿಗೂ ಒಂದೇ ಆಗಿರಬೇಕು.

ಊರು ಅಥವಾ ದೇಶ ಬಿಟ್ಟು ಹೋಗುವ ಕೋರಿಕೆ

ಇದನ್ನು ಸಂದೇಶಗಳಲ್ಲಿ ತೀರ್ಮಾನಿಸಬೇಡಿ. ಬೇರೆ ಊರಿಗೆ ಹೋದರೆ ವಾರದ ಕ್ರಮವೇ ಕುಸಿದು, ರಜೆಗಳ ಮೇಲೆ ಹೊಸ ಕ್ರಮವನ್ನು ಕಟ್ಟಬೇಕಾಗುತ್ತದೆ. ಬೇರೆ ದೇಶಕ್ಕೆ ಹೋಗುವುದಾದರೆ 1980ರ ಅಕ್ಟೋಬರ್ 25ರ ಹೇಗ್ ಒಡಂಬಡಿಕೆಯನ್ನು ತಿಳಿದಿರಬೇಕು. ಹದಿನಾರು ವರ್ಷದೊಳಗಿನ ಮಗುವನ್ನು, ಅದು ವಾಡಿಕೆಯಾಗಿ ವಾಸಿಸುವ ದೇಶದಿಂದ ಸುಪರ್ದಿಯ ಹಕ್ಕನ್ನು ಮೀರಿ ಕರೆದೊಯ್ದರೆ ಅಥವಾ ಬೇರೆ ದೇಶದಲ್ಲಿಯೇ ಉಳಿಸಿಕೊಂಡರೆ, ಬೇಗನೆ ಮರಳಿ ಕಳುಹಿಸುವ ವ್ಯವಸ್ಥೆ ಅದು. ಎಲ್ಲ ದೇಶಗಳೂ ಅದಕ್ಕೆ ಸೇರಿಲ್ಲ. ಹೋಗುವ ದೇಶವೂ ಈಗಿರುವ ದೇಶವೂ ಅದರಲ್ಲಿವೆಯೇ ಎಂದು ಮೊದಲು ವಿಚಾರಿಸಿ.

ಆ ಒಡಂಬಡಿಕೆಯ 13ನೇ ವಿಧಿಯಲ್ಲಿ ಒಂದು ಸಂಗತಿ ಇದೆ. ಕರೆದೊಯ್ಯಲು ನೀವು ಒಪ್ಪಿಗೆ ಕೊಟ್ಟಿದ್ದರೆ, ಅಥವಾ ನಂತರ ಅದಕ್ಕೆ ಸಮ್ಮತಿಸಿದ್ದರೆ, ಮಗುವನ್ನು ಮರಳಿ ಕಳುಹಿಸಲು ಅಲ್ಲಿನ ನ್ಯಾಯಾಲಯ ನಿರಾಕರಿಸಬಹುದು. 12ನೇ ವಿಧಿಯಂತೆ ಒಂದು ವರ್ಷ ಕಳೆದ ಮೇಲೆ ಅರ್ಜಿ ಹಾಕಿದರೆ, ಮಗು ಹೊಸ ಪರಿಸರದಲ್ಲಿ ನೆಲೆಗೊಂಡಿದೆಯೇ ಎಂಬ ಪ್ರಶ್ನೆಯೂ ಏಳುತ್ತದೆ. ಹಾಗಾಗಿ ರಜೆಯ ಪ್ರವಾಸಕ್ಕೆ ಒಪ್ಪುವಾಗಲೂ "ಹೋಗಿ ಬನ್ನಿ" ಎಂಬ ಒಂದು ಸಾಲು ಸಾಲದು. ಹೊರಡುವ ದಿನ, ಮರಳುವ ದಿನ, ಟಿಕೆಟ್ಟಿನ ಪ್ರತಿ, ತಂಗುವ ವಿಳಾಸ, ಮಗುವಿನೊಂದಿಗೆ ಮಾತಾಡುವ ಸಮಯ ಎಲ್ಲವೂ ಆ ಪತ್ರದಲ್ಲಿರಲಿ. ಒಪ್ಪಿಗೆ ಈ ಪ್ರವಾಸಕ್ಕೆ ಮಾತ್ರ, ವಾಸಸ್ಥಳ ಬದಲಾವಣೆಗೆ ಅಲ್ಲ ಎಂಬ ವಾಕ್ಯವೂ ಇರಲಿ. ಮರಳುವ ದಿನ ದಾಟಿದರೆ ಕಾಯುತ್ತ ಕೂರದೆ ವಕೀಲರನ್ನು ಕಾಣಿ.

ಭಯವಿರುವ ಕಡೆ ಈ ಕ್ರಮ ಅನ್ವಯಿಸುವುದಿಲ್ಲ

ಇಲ್ಲಿಯವರೆಗೆ ಹೇಳಿದ್ದೆಲ್ಲ ಇಬ್ಬರೂ ಮಗುವಿನ ಹಿತ ಬಯಸುವ, ಒಬ್ಬರಿಗೊಬ್ಬರು ಹೆದರದ ಸನ್ನಿವೇಶಕ್ಕೆ. ಹೊಡೆತ, ಬೆದರಿಕೆ, ಹಿಂಬಾಲಿಸುವಿಕೆ, ಕುಡಿತದ ಅಮಲಿನಲ್ಲಿ ಮಗುವನ್ನು ಗಾಡಿಯಲ್ಲಿ ಕೂರಿಸಿಕೊಂಡು ಹೋಗುವುದು, ಮಗುವಿನ ಮೇಲೆ ದೌರ್ಜನ್ಯ ಇಂಥವು ಇದ್ದಲ್ಲಿ ನೇರ ಮಾತುಕತೆಗೆ ಇಳಿಯಬೇಡಿ, ಇಬ್ಬರೂ ಕೂತು ಬಗೆಹರಿಸಿಕೊಳ್ಳಿ ಎಂಬ ಹಿತವಚನಗಳಿಗೂ ಕಿವಿಗೊಡಬೇಡಿ. ತಕ್ಷಣದ ಅಪಾಯವಿದ್ದರೆ ಪೊಲೀಸರಿಗೆ ಮತ್ತು ಮಕ್ಕಳ ರಕ್ಷಣೆಯ ಅಧಿಕಾರಿಗಳಿಗೆ ತಿಳಿಸಿ, ಅದೇ ದಿನ ವಕೀಲರನ್ನು ಕಂಡು ಆದೇಶದ ಬದಲಾವಣೆಗೆ ಅರ್ಜಿ ಹಾಕಿಸಿ. ಆದೇಶವನ್ನು ನಿಮ್ಮಷ್ಟಕ್ಕೆ ನೀವೇ ನಿಲ್ಲಿಸಿಬಿಟ್ಟು ಯಾರಿಗೂ ತಿಳಿಸದೆ ಕೂತರೆ, ಸರಿಯಾದ ಕಾರಣವಿದ್ದವರೂ ತಪ್ಪಿತಸ್ಥರಂತೆ ಕಾಣುತ್ತಾರೆ.

ಒಮ್ಮತ ಬಾರದಿದ್ದರೆ

ಮೂರು ಸುತ್ತಿನ ಬರವಣಿಗೆಯಲ್ಲಿ ಬಗೆಹರಿಯದ್ದು ಹತ್ತನೆಯ ಸುತ್ತಿನಲ್ಲಿ ಬಗೆಹರಿಯುವುದಿಲ್ಲ. ಆಗ ಮಧ್ಯಸ್ಥಿಕೆಗೆ ಹೋಗಿ. ಮಧ್ಯಸ್ಥರು ತೀರ್ಪು ಕೊಡುವುದಿಲ್ಲ. ಮಾತು ದಾರಿ ತಪ್ಪದಂತೆ ನೋಡಿಕೊಂಡು, ಒಪ್ಪಿದ್ದನ್ನು ಬರವಣಿಗೆಗೆ ಇಳಿಸುತ್ತಾರೆ. ನೀವು ಎಳೆದ ಹದಿನಾಲ್ಕು ಮನೆಗಳ ಎರಡು ಚೌಕಗಳನ್ನು ಅಲ್ಲಿಗೆ ಕೊಂಡೊಯ್ಯಿರಿ. ಹೊಸ ಮಾತನ್ನು ಅಲ್ಲಿಂದ ಶುರು ಮಾಡಬಹುದು.

ಅಲ್ಲಿಯೂ ಆಗದಿದ್ದರೆ ಬದಲಾವಣೆ ಬೇಕಾದವರು ನ್ಯಾಯಾಲಯಕ್ಕೆ ಅರ್ಜಿ ಹಾಕಬೇಕಾಗುತ್ತದೆ. ಹಳೆಯ ಆದೇಶವಾದ ಮೇಲೆ ಪರಿಸ್ಥಿತಿಯಲ್ಲಿ ಗಣನೀಯ ಬದಲಾವಣೆ ಆಗಿದೆಯೇ, ಹೊಸ ಕ್ರಮದಿಂದ ಮಗುವಿಗೆ ಒಳಿತಾಗುತ್ತದೆಯೇ ಎಂಬ ಎರಡು ಪ್ರಶ್ನೆಗಳನ್ನು ಸಾಮಾನ್ಯವಾಗಿ ಅಲ್ಲಿ ನೋಡುತ್ತಾರೆ. ನೀವು ಕೊಟ್ಟ ಉತ್ತರಗಳು ಸಂಯಮದಿಂದ ಕೂಡಿದ್ದು, ಒಂದೆರಡು ಬದಲಿ ಪ್ರಸ್ತಾಪಗಳನ್ನು ನೀವೂ ಇಟ್ಟಿದ್ದರೆ ಆ ಸಂದೇಶಗಳು ನಿಮ್ಮ ಪರವಾಗಿ ಮಾತಾಡುತ್ತವೆ. ಅವನ್ನು ಅಳಿಸದೆ ಇಟ್ಟುಕೊಳ್ಳಿ. ಫೋನು ಬದಲಿಸುವ ಮೊದಲು ಪ್ರತಿ ತೆಗೆದಿಡಿ.

ಒಪ್ಪಿದ ಮೇಲೆ

ಬದಲಾವಣೆಯನ್ನು ಮಗುವಿಗೆ ಸಾಧ್ಯವಾದರೆ ಇಬ್ಬರೂ ಜೊತೆಗಿದ್ದು ಹೇಳಿ. ಆಗದಿದ್ದರೆ ಇಬ್ಬರೂ ಒಂದೇ ಮಾತುಗಳನ್ನು ಬಳಸಲು ಮೊದಲೇ ಮಾತಾಡಿಕೊಳ್ಳಿ. "ಇನ್ನು ಮೇಲೆ ಬುಧವಾರ ಶಾಲೆ ಮುಗಿದ ಮೇಲೆ ಅಪ್ಪ ಬರುತ್ತಾರೆ, ಗುರುವಾರ ಸಂಜೆ ನಾನು ಶಾಲೆಯ ಹತ್ತಿರ ಇರುತ್ತೇನೆ. ಹೀಗೆಂದು ನಾವಿಬ್ಬರೂ ಸೇರಿ ಯೋಚಿಸಿದ್ದೇವೆ." ಯಾರು ಕೇಳಿದರು, ಯಾರು ಬಿಟ್ಟುಕೊಟ್ಟರು ಎಂಬುದು ಮಗುವಿಗೆ ಬೇಡ. ಬಣ್ಣ ಹಚ್ಚಿದ ಅದೇ ಚೌಕದ ಹೊಸ ಪ್ರತಿಯನ್ನು ಎರಡೂ ಮನೆಗಳಲ್ಲಿ ಮಗುವಿನ ಕಣ್ಣಿಗೆ ಸಿಗುವ ಎತ್ತರದಲ್ಲಿ ಅಂಟಿಸಿ. ಶಾಲೆಯ ಕಚೇರಿಗೆ, ಶಾಲಾ ವಾಹನದ ಚಾಲಕರಿಗೆ, ಸಂಜೆಯ ತರಗತಿಯವರಿಗೆ ಯಾವ ದಿನ ಯಾರು ಬರುತ್ತಾರೆಂದು ಬರೆದು ತಿಳಿಸಿ.

ಕೊನೆಯದಾಗಿ ಸಾಮಾನು. ಹಲ್ಲುಜ್ಜುವ ಬ್ರಷ್, ರಾತ್ರಿ ಉಡುಪು, ಒಂದು ಜೊತೆ ಶಾಲಾ ಸಮವಸ್ತ್ರ, ಕನ್ನಡಕವಿದ್ದರೆ ಇನ್ನೊಂದು ಕನ್ನಡಕ, ನಿತ್ಯದ ಔಷಧಿಯ ಎರಡನೆಯ ಸೀಸೆ, ಮತ್ತು ಅದನ್ನು ಯಾವ ಹೊತ್ತಿಗೆ ಎಷ್ಟು ಕೊಡಬೇಕೆಂಬ ಚೀಟಿ ಎರಡೂ ಮನೆಗಳಲ್ಲಿ ಇರಲಿ. ಆಗ ಬುಧವಾರ ಬೆಳಿಗ್ಗೆ ಮಗಳು ಹೊರಡುವಾಗ ಅವಳ ಹೆಗಲ ಮೇಲೆ ಶಾಲೆಯ ಚೀಲ ಮಾತ್ರ ಇರುತ್ತದೆ.